ಓಡಲಾರದವನ ಅಸ್ತ್ರ

ಮುಂಗಾರಿನ ಮೊದಲ ಎರಡು ಮಳೆ ಬಿದ್ದು ಹಿತ್ತಿಲ ಕಲ್ಲುಹಾಸಿನ ಸಂದಿಯಲ್ಲಿ ಪಾಚಿ ಹಸುರೇರಿತೆಂದರೆ, ಬಚ್ಚಲುಮನೆಯ ಗೋಡೆಯ ಬುಡದಲ್ಲಿ ಕರೆಯದ ಅತಿಥಿಯೊಬ್ಬ ಕಾಣಿಸಿಕೊಳ್ಳುವುದು ವಾಡಿಕೆ. ಕೆಂಗಂದು ಬಣ್ಣ; ಪೆನ್ಸಿಲಿಗಿಂತ ತೆಳುವಾದ ದುಂಡನೆಯ ಮೈ; ಅದರ ಕೆಳಗೆ ಅಲೆಯಲೆಯಾಗಿ ಸಾಗುವ ಲೆಕ್ಕವಿಲ್ಲದ ಕಾಲುಗಳು. ಅದು ಯಾರ ತಂಟೆಗೂ ಬಂದದ್ದಲ್ಲ. ಹೊರಗಿನ ಮಣ್ಣಿನಲ್ಲಿ ನೀರು ನಿಂತು ಇರಲು ತಾವಿಲ್ಲದೆ, ಒಣನೆಲವನ್ನರಸಿ ಹೊಸಿಲು ದಾಟಿ ಬಂದದ್ದು. ಆದರೂ ಮನೆಯಲ್ಲಿ ದೊಡ್ಡ ಗದ್ದಲವೇಳುತ್ತದೆ. ಸೊಸೆ ಹಿಂದೆ ಸರಿದು ಕೂಗುತ್ತಾಳೆ. ಅತ್ತೆ, "ಕಿವಿಗೆ ಹೊಕ್ಕೀತು ಕಣೇ, ಮಗೂನ ಈಚೆಗೆ ಕರಕೋ" ಎನ್ನುತ್ತಾರೆ. ಯಜಮಾನರು ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟು ಪೊರಕೆ ಹಿಡಿದು ಬರುತ್ತಾರೆ. ಪೊರಕೆಯ ಕಡ್ಡಿ ತಗುಲಿದೊಡನೆ ಆ ಪ್ರಾಣಿ ಮಾಡುವುದು ಒಂದೇ ಕೆಲಸ: ತಲೆಯನ್ನು ನಡುವಿಗಿಟ್ಟುಕೊಂಡು, ಆಗತಾನೆ ಒತ್ತಿದ ಚಕ್ಕುಲಿಯಂತೆ ಸುರುಳಿ ಸುತ್ತಿಕೊಂಡು ಬಿದ್ದಿರುವುದು.

ಈ ಗದ್ದಲದ ನಡುವೆ ಕುತೂಹಲ ತಾಳಲಾರದ ಹುಡುಗನೊಬ್ಬ ಅದನ್ನು ಬೆರಳಲ್ಲಿ ಎತ್ತಿಕೊಂಡನೆನ್ನಿ. ಮರುಕ್ಷಣವೇ ಅವನ ಬೆರಳ ತುದಿಗೆ ಹಳದಿ ದ್ರವವೊಂದು ಅಂಟುತ್ತದೆ. ಮೂಗಿಗೆ ಹಿಡಿದರೆ ಟಿಂಕ್ಚರ್ ಅಯೊಡಿನ್ನನ್ನು ನೆನಪಿಗೆ ತರುವ ಕಟುವಾಸನೆ. ಸೋಪು ಹಚ್ಚಿ ಎಷ್ಟು ತಿಕ್ಕಿದರೂ ಕಲೆ ಬಿಡದು. ಮಾರನೆಯ ದಿನಕ್ಕೆ ಕಂದುಬಣ್ಣಕ್ಕೆ ತಿರುಗಿ, ಚರ್ಮದ ಮೇಲುಪದರ ಸವೆದುಹೋಗುವವರೆಗೂ ಉಳಿದುಬಿಡುತ್ತದೆ. "ಕಚ್ಚಿತೇನೋ?" ಎಂದು ತಾಯಿ ಗಾಬರಿಯಿಂದ ಕೇಳುತ್ತಾಳೆ. ಕಚ್ಚಿಲ್ಲ. ಮನುಷ್ಯನನ್ನು ಕಚ್ಚಬಲ್ಲ ಹಲ್ಲಾಗಲಿ ಚುಚ್ಚಬಲ್ಲ ಕೊಂಡಿಯಾಗಲಿ ಅದಕ್ಕಿಲ್ಲ. ಆ ಬೆರಳನ್ನು ಕಣ್ಣಿಗೆ ಒರೆಸಿಕೊಳ್ಳದಂತೆ ನೋಡಿಕೊಂಡರೆ ಸಾಕು. ಕಣ್ಣಿಗೆ ತಗುಲಿದರೆ ಮಾತ್ರ ಧಾರಾಳವಾಗಿ ನೀರಿನಲ್ಲಿ ತೊಳೆದು ವೈದ್ಯರ ಬಳಿಗೆ ಹೋಗುವುದೇ ಕ್ಷೇಮ.

ಸಾವಿರಕಾಲಿನ ಹುಳುವೆಂದೂ, ಪಂಡಿತರ ಬಾಯಲ್ಲಿ ಸಹಸ್ರಪದಿಯೆಂದೂ ಕರೆಸಿಕೊಳ್ಳುವ ಈ ಜೀವಿಗೆ ಬಹುಕಾಲದಿಂದ ಒಂದು ಅನ್ಯಾಯ ನಡೆದುಬಂದಿದೆ. ಜನರು ಇದನ್ನು ಜರಿಯೊಡನೆ, ಎಂದರೆ ಶತಪದಿಯೊಡನೆ, ಬೆರೆಸಿ ಹೆದರುತ್ತಾರೆ. ಜರಿ ಬೇಟೆಗಾರ, ಮೈಯ ಒಂದೊಂದು ಗೆಣ್ಣಿಗೆ ಒಂದೊಂದು ಜೊತೆ ಕಾಲು, ಬಾಯಿಯ ಬಳಿ ವಿಷದ ಕೊಕ್ಕೆ, ಕಾಲಿನಲ್ಲಿ ಮಿಂಚಿನ ವೇಗ. ಸಹಸ್ರಪದಿಯ ಹೆಚ್ಚಿನ ಗೆಣ್ಣುಗಳಿಗೆ ಎರಡೆರಡು ಜೊತೆ ಕಾಲು; ಊಟ ಕೊಳೆತ ಎಲೆ; ನಡಿಗೆ ಬಸುರಿಯ ನಡಿಗೆ. ಇವೆರಡನ್ನೂ ಒಂದೆಂದು ತಿಳಿಯುವುದು ಹಸುವನ್ನು ಹುಲಿಯೆಂದು ಹೊಡೆಯಹೊರಟಂತೆ. ಇನ್ನು ಸಾವಿರ ಕಾಲಿನ ಮಾತು. ಇದುವರೆಗೆ ೧೨,೦೦೦ಕ್ಕೂ ಹೆಚ್ಚು ಬಗೆಯ ಸಹಸ್ರಪದಿಗಳಿಗೆ ಶಾಸ್ತ್ರಜ್ಞರು ಹೆಸರಿಟ್ಟಿದ್ದಾರೆ. ಅವುಗಳಲ್ಲಿ ಹೆಸರಿಗೆ ತಕ್ಕಂತೆ ಸಾವಿರವನ್ನು ದಾಟಿದ ಕಾಲುಗಳು ಕಂಡದ್ದು ೨೦೨೧ರಲ್ಲಿ ಮಾತ್ರ, ಪಶ್ಚಿಮ ಆಸ್ಟ್ರೇಲಿಯದ ನೆಲದಡಿಯಲ್ಲಿ ಸುಮಾರು ೬೦ ಮೀಟರ್ ಆಳದಿಂದ ಬಂದ ದಾರದಂಥ ಪ್ರಾಣಿಯೊಂದರಲ್ಲಿ. ಎಣಿಸಿದಾಗ ೧,೩೦೬ ಸಿಕ್ಕಿದವು. ಎಣಿಸಿದವರ ತಾಳ್ಮೆಗೆ ಬೇರೆಯೇ ಒಂದು ಬಹುಮಾನ ಸಲ್ಲಬೇಕು.

ಅಷ್ಟು ಕಾಲಿದ್ದೂ ಓಡಲಾರದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರು ಸಿಡ್ನಿ ಮ್ಯಾಂಟನ್ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞೆ. ಈ ಕಾಲುಗಳು ಓಟಕ್ಕಾಗಿ ಆದವಲ್ಲ, ನೂಕುವುದಕ್ಕಾಗಿ ಆದವು ಎಂದು ಆಕೆ ತೋರಿಸಿಕೊಟ್ಟರು. ಕೊಳೆತ ಎಲೆಯ ದಪ್ಪ ಹಾಸಿನೊಳಕ್ಕೆ, ಒದ್ದೆಮಣ್ಣಿನೊಳಕ್ಕೆ ತಲೆಯಿಟ್ಟು ಮುನ್ನುಗ್ಗಬೇಕಾದರೆ ಹಿಂದಿನಿಂದ ನೂರಾರು ಗಿಡ್ಡಕಾಲುಗಳು ಒಟ್ಟಿಗೆ ಒತ್ತಬೇಕು. ತೇರನ್ನು ಎಳೆಯುವವರು ಹೆಚ್ಚಿದಷ್ಟೂ ಬಲ ಹೆಚ್ಚುತ್ತದೆಯೇ ಹೊರತು ತೇರಿನ ವೇಗ ಹೆಚ್ಚುವುದಿಲ್ಲವಷ್ಟೆ. ಬಲವನ್ನು ಪಡೆದು ವೇಗವನ್ನು ಬಿಟ್ಟುಕೊಟ್ಟ ಪ್ರಾಣಿ ಇದು. ತಿನ್ನುವ ಆಹಾರವಾದರೂ ಸಾರವಿಲ್ಲದ್ದು. ಹೊಟ್ಟೆ ತುಂಬಬೇಕಾದರೆ ಹಗಲಿರುಳು ಮೇಯುತ್ತಿರಬೇಕು. ಹೀಗೆ ನಿಧಾನವಾಗಿ ಮೇಯುತ್ತಿರುವ, ಕೊಬ್ಬಿದ, ಕಚ್ಚಲರಿಯದ ಜೀವಿ ಇರುವೆ, ಜೇಡ, ಕಪ್ಪೆ, ಹಕ್ಕಿಗಳ ನಡುವೆ ಬದುಕಿ ಉಳಿದದ್ದು ಹೇಗೆ? ಒಂದೆರಡು ವರ್ಷವಲ್ಲ. ಸ್ಕಾಟ್ಲೆಂಡಿನ ಸ್ಟೋನ್‌ಹೇವನ್ ಬಳಿಯ ಕಡಲದಂಡೆಯಲ್ಲಿ, ಬಸ್ಸು ನಡೆಸಿ ಜೀವಿಸುತ್ತಿದ್ದ ಮೈಕ್ ನ್ಯೂಮನ್ ಎಂಬ ಹವ್ಯಾಸಿ ಸಂಶೋಧಕನಿಗೆ ಸಹಸ್ರಪದಿಯ ಸಣ್ಣ ಪಳೆಯುಳಿಕೆಯೊಂದು ದೊರಕಿತು. ಗಾಳಿಯನ್ನು ಉಸಿರಾಡುವ ರಂಧ್ರಗಳು ಅದರ ಮೈಮೇಲೆ ಸ್ಪಷ್ಟವಾಗಿದ್ದವು. ೨೦೦೪ರಲ್ಲಿ ಅದಕ್ಕೆ ಆತನ ಹೆಸರನ್ನೇ ಸೇರಿಸಿ ಶಾಸ್ತ್ರೀಯ ನಾಮಕರಣವಾಯಿತು. ವಯಸ್ಸು ನಲವತ್ತು ಕೋಟಿ ವರ್ಷಗಳಿಗೂ ಮೇಲೆ. ಹಕ್ಕಿಯಾಗಲಿ ಹೂವಾಗಲಿ ಇನ್ನೂ ಭೂಮಿಯನ್ನು ಕಾಣದಿದ್ದ ಕಾಲದಲ್ಲಿ ನೆಲದ ಮೇಲೆ ನಡೆದಾಡಿದ ಮೊದಲಿಗರ ಸಾಲಿನವು ಇವು.

ಮೊದಮೊದಲಿಗೆ ಇವಕ್ಕಿದ್ದ ರಕ್ಷಣೆ ಎಂದರೆ ಕವಚ ಮಾತ್ರ. ಚರ್ಮಕ್ಕೆ ಸುಣ್ಣದ ಅಂಶ ಸೇರಿಸಿ ಗಟ್ಟಿಮಾಡಿಕೊಳ್ಳುವುದು, ಅಪಾಯ ಬಂದಾಗ ಸುರುಳಿಯಾಗುವುದು. ಈ ಹಳೆಯ ಪದ್ಧತಿಯಲ್ಲೇ ಇಂದಿಗೂ ಬಾಳುತ್ತಿರುವ ಒಂದು ಮನೆತನ ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಅಂಚಿನ ತೋಟಗಳಲ್ಲಿಯೂ ಇದೆ. ಅಡಿಕೆತೋಟದ ತರಗೆಲೆಯನ್ನು ಸರಿಸಿದವರು ಕಂಡಿರಬಹುದು: ಮಿರುಗುವ ಮೈಯ, ಅಗಲ ಬೆನ್ನಿನ ಪ್ರಾಣಿ, ಮುಟ್ಟಿದರೆ ತಲೆಯೂ ಕಾಲೂ ಎಲ್ಲಿ ಹೋದವೆಂದು ತಿಳಿಯದಂತೆ ಒಂದು ದೊಡ್ಡ ಗೋಲಿಯಾಗಿ ಉರುಳಿಬಿಡುತ್ತದೆ. ಆರ್ಥ್ರೊಸ್ಫೇರಾ ಎಂಬುದು ಅದರ ಶಾಸ್ತ್ರೀಯ ಕುಲನಾಮ. ಅದರ ಮೈಯಲ್ಲಿ ವಿಷದ ಗ್ರಂಥಿ ಒಂದೂ ಇಲ್ಲ. ಕೋಟೆಯ ಬಾಗಿಲನ್ನು ಮುಚ್ಚಿ ಒಳಗೆ ಕುಳಿತಿರುವುದೇ ಅದರ ಯುದ್ಧನೀತಿ.

ಇದೇ ರೀತಿ ಗೋಲಿಯಾಗುವ ನಂಟನೊಬ್ಬ ಯುರೋಪಿನಲ್ಲಿದ್ದಾನೆ, ಗ್ಲೊಮೆರಿಸ್ ಎಂದು. ಅವನು ಬಾಗಿಲು ಮುಚ್ಚಿದ ಮೇಲೂ ನೆಚ್ಚಿ ಕೂರುವವನಲ್ಲ. ಬೆನ್ನಿನ ನಡುಗೆರೆಯ ರಂಧ್ರಗಳಿಂದ ಅಂಟಂಟಾದ ಹನಿಗಳನ್ನು ಒಸರಿಸುತ್ತಾನೆ. ಅದನ್ನು ಲೆಕ್ಕಿಸದೆ ತಿಂದ ಜೇಡ ಸಾಯುವುದಿಲ್ಲ. ಮಂಕು ಹಿಡಿದು, ಕೈಕಾಲು ಸೋತು, ದಿನಗಟ್ಟಲೆ ಬಿದ್ದಿರುತ್ತದೆ. ೧೯೮೪ರಲ್ಲಿ ಇದನ್ನು ಪರೀಕ್ಷಿಸಿ ನೋಡಿದ ಅಮೆರಿಕದ ವಿಜ್ಞಾನಿಗಳಿಗೆ ಸೋಜಿಗವಾದದ್ದು, ಆ ಹನಿಯಲ್ಲಿರುವ ಪದಾರ್ಥವೂ ಒಂದು ಕಾಲದಲ್ಲಿ ವೈದ್ಯರು ಬರೆದುಕೊಡುತ್ತಿದ್ದ ನಿದ್ದೆಯ ಔಷಧಿಯೊಂದೂ ಒಂದೇ ಕುಲದ ರಾಸಾಯನಿಕಗಳೆಂಬುದು. ಕೆಮ್ಮಿಗೆ ಕಷಾಯ ಮಾಡಿಕೊಡುವ ಆಡುಸೋಗೆ ಸೊಪ್ಪಿನ ಮುಖ್ಯ ಸತ್ವವೂ ಅದೇ ಮೂಲ ಚೌಕಟ್ಟಿನ ಮೇಲೆ ಕಟ್ಟಿದ್ದು. ಅಜ್ಜಿಯ ಕಷಾಯದ ಪಾತ್ರೆಗೂ ಯುರೋಪಿನ ಹುಳುವಿನ ಬೆನ್ನಿಗೂ ಹೀಗೊಂದು ದೂರದ ಸಂಬಂಧ!

ಸಹಸ್ರಪದಿಗಳ ರಸಾಯನವನ್ನು ಮೂಗಿನ ಮೂಲಕ ಹಿಂಬಾಲಿಸುವುದೇ ಸುಲಭ. ವಿಜ್ಞಾನಿಗಳು ಮೊದಲು ಹಿಡಿದ ದಾರಿಯೂ ಅದೇ. ೧೯೦೦ರಲ್ಲಿ ಕುಕ್ ಎಂಬ ಅಮೆರಿಕದ ಪ್ರಾಣಿಶಾಸ್ತ್ರಜ್ಞನೊಬ್ಬ ಚಿಕ್ಕ ಸಹಸ್ರಪದಿಯೊಂದನ್ನು ಮೂಸಿ ನೋಡಿ, 'ಪ್ರಾಣಿಯೊಂದು ಕರ್ಪೂರವನ್ನು ಸ್ರವಿಸುತ್ತದೆ' ಎಂದು ಪ್ರಕಟಿಸಿದ. ಮುಕ್ಕಾಲು ಶತಮಾನ ಕಳೆದು, ೧೯೭೫ರಲ್ಲಿ ಬಿಡಿಸಿ ನೋಡಿದಾಗ ಅದು ಕರ್ಪೂರವಲ್ಲ, ಅದರ ದೂರದ ದಾಯಾದಿಯೆಂದೂ ಇರುವೆಗಳನ್ನು ಹಿಮ್ಮೆಟ್ಟಿಸುವುದಕ್ಕೆ ಬಲು ಒಳ್ಳೆಯದೆಂದೂ ತಿಳಿಯಿತು. ಇನ್ನೊಂದು ಪಂಗಡ ಸ್ರವಿಸುವುದು ಕ್ರೆಸಾಲ್. ಆಸ್ಪತ್ರೆಯ ಓಣಿಗಳಲ್ಲಿ ಮೂಗಿಗೆ ಬಡಿಯುವ ವಾಸನೆಯ ಬಂಧು. ಬಚ್ಚಲುಮನೆಯ ಅತಿಥಿಯಂಥ ದುಂಡುಮೈಯವುಗಳದ್ದು ಬೆಂಜೊಕ್ವಿನೋನ್. ಚರ್ಮಕ್ಕೆ ಅಂಟಿಕೊಂಡು ಅದನ್ನು ಹದಮಾಡಿದ ತೊಗಲಿನಂತೆ ಮಾಡಿಬಿಡುವುದರಿಂದಲೇ ಅದರ ಕಲೆ ತೊಳೆದರೆ ಹೋಗುವುದಿಲ್ಲ. ಇವೆಲ್ಲವೂ ಸಹ್ಯ. ಆದರೆ ಚಪ್ಪಟೆ ಬೆನ್ನಿನ, ಕಣ್ಣೇ ಇಲ್ಲದ, ಇಪ್ಪತ್ತರಷ್ಟು ಗೆಣ್ಣುಗಳ ಒಂದು ದೊಡ್ಡ ಪಂಗಡವುಂಟು. ಅದರವರನ್ನು ಕೆಣಕಿದರೆ ಬರುವುದು ಬಾದಾಮಿಯ ಪರಿಮಳ. ಎಷ್ಟು ಸೊಗಸಾದ ಪರಿಮಳವೋ ಅಷ್ಟೇ ಭಯಂಕರವಾದ ಸಂಗಾತಿಯೊಂದು ಅದರ ಜೊತೆಯಲ್ಲಿ ಹೊರಡುತ್ತದೆ.

ಆ ಸಂಗಾತಿಯ ಗುಟ್ಟನ್ನು ಬಿಡಿಸಿದವರ ಕಥೆಯನ್ನು ಇಲ್ಲಿ ಹೇಳಲೇಬೇಕು. ಥಾಮಸ್ ಐಸ್ನರ್ ಹುಟ್ಟಿದ್ದು ೧೯೨೯ರಲ್ಲಿ, ಬರ್ಲಿನ್ನಿನಲ್ಲಿ. ತಂದೆ ಯಹೂದಿ ಮನೆತನದ ರಸಾಯನಶಾಸ್ತ್ರಜ್ಞ. ೧೯೩೩ರಲ್ಲಿ ಹಿಟ್ಲರನ ಕೈಗೆ ಅಧಿಕಾರ ಬಂದಾಗ ಮಗುವನ್ನೆತ್ತಿಕೊಂಡು ಸಂಸಾರ ಊರು ಬಿಟ್ಟಿತು. ಬಾರ್ಸಿಲೋನಕ್ಕೆ ಹೋದರೆ ಅಲ್ಲಿ ಅಂತರ್ಯುದ್ಧ, ಅಲ್ಲಿಂದ ಫ್ರಾನ್ಸ್, ಕಡೆಗೆ ಕಡಲು ದಾಟಿ ದಕ್ಷಿಣ ಅಮೆರಿಕದ ಉರುಗ್ವೆ. ತಂದೆಗೆ ಮನೆಯಲ್ಲಿ ಸುಗಂಧದ್ರವ್ಯಗಳನ್ನು ತಯಾರಿಸುವ ಹವ್ಯಾಸವಿತ್ತು; ಮಗನಿಗೆ ಆಸ್ತಿಯಾಗಿ ಬಂದದ್ದು ಚುರುಕಾದ ಮೂಗು. ಊರಿಂದೂರಿಗೆ, ಭಾಷೆಯಿಂದ ಭಾಷೆಗೆ ಅಲೆದ ಹುಡುಗನಿಗೆ ಎಲ್ಲ ದೇಶದಲ್ಲೂ ಸಿಕ್ಕುವ ಗೆಳೆಯರೆಂದರೆ ಹುಳುಹುಪ್ಪಟೆಗಳೇ. ೧೯೪೭ರಲ್ಲಿ ಅಮೆರಿಕ ಸೇರಿದ ಮೇಲೆ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಓದಬೇಕೆಂದು ಅರ್ಜಿ ಹಾಕಿದರೆ ಅದು ತಿರಸ್ಕೃತವಾಯಿತು. ಹತ್ತು ವರ್ಷ ಕಳೆದು ಅದೇ ವಿಶ್ವವಿದ್ಯಾನಿಲಯಕ್ಕೆ ಅವರು ಅಧ್ಯಾಪಕರಾಗಿ ಹೋದರು. ೨೦೧೧ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯವರೇ ಆಗಿದ್ದರು. ಪತ್ನಿ ಮರಿಯಾ ಅವರ ಸಂಶೋಧನೆಗಳಲ್ಲಿ ಸಮಭಾಗಿ.

ಈ ದಂಪತಿಗಳೂ ಅವರ ಸಂಗಡಿಗರೂ ಸೇರಿ ೧೯೬೩ರಲ್ಲಿ ಅಫೆಲೋರಿಯ ಎಂಬ ಚಪ್ಪಟೆ ಸಹಸ್ರಪದಿಯ ಗ್ರಂಥಿಯ ರಚನೆಯನ್ನು ಜಗತ್ತಿಗೆ ತಿಳಿಸಿದರು. ಅದೊಂದು ಎರಡು ಕೋಣೆಯ ಮನೆ. ಒಳಗಿನ ದೊಡ್ಡ ಕೋಣೆಯಲ್ಲಿ ಮ್ಯಾಂಡೆಲೋನೈಟ್ರೈಲ್ ಎಂಬ ದ್ರವದ ದಾಸ್ತಾನು. ಹೊರಗಿನ ಪುಟ್ಟ ಕೋಣೆಯಲ್ಲಿ ಅದನ್ನು ಒಡೆಯಬಲ್ಲ ಕಿಣ್ವ. ನಡುವೆ ಒಂದು ಕವಾಟ, ಸದಾ ಮುಚ್ಚಿರುವಂಥದು. ಅರಿಸಿನದ ನೀರು ಒಂದು ಬಟ್ಟಲಲ್ಲಿ, ಸುಣ್ಣ ಇನ್ನೊಂದು ಬಟ್ಟಲಲ್ಲಿ ಇರುವವರೆಗೆ ಆರತಿಯ ತಟ್ಟೆಗೆ ಕೆಂಪೇರುವುದಿಲ್ಲವಷ್ಟೆ? ಹಾಗೆಯೇ ಇದೂ. ಇರುವೆ ಬಂದು ಕಚ್ಚಿತೆಂದರೆ ಸ್ನಾಯುವೊಂದು ಕವಾಟವನ್ನು ಎಳೆದು ತೆರೆಯುತ್ತದೆ. ದ್ರವ ಹೊರಕೋಣೆಗೆ ನುಗ್ಗಿ ಕಿಣ್ವದೊಡನೆ ಬೆರೆಯುತ್ತದೆ. ಬೆರೆತೊಡನೆ ಒಡೆದು ಎರಡಾಗುತ್ತದೆ. ಒಂದು ಬೆಂಜಾಲ್ಡಿಹೈಡ್, ಬಾದಾಮಿಯ ಪರಿಮಳ ಅದರದ್ದು. ಇನ್ನೊಂದು ಹೈಡ್ರೋಸಯನಿಕ್ ಆಮ್ಲದ ಆವಿ, ಎಂದರೆ ಸಯನೈಡಿನ ವಿಷಾನಿಲ. ಐಸ್ನರ್ ಸಂಸಾರ ಬಿಟ್ಟು ಓಡಿಬಂದ ದೇಶದ ಆಳರಸರು ಯಾತನಾಶಿಬಿರಗಳಲ್ಲಿ ಲಕ್ಷಾಂತರ ಮಂದಿ ಗಂಡಸರು ಹೆಂಗಸರು ಮಕ್ಕಳ ಉಸಿರು ಅಡಗಿಸಿದ್ದು ಇದೇ ಅನಿಲದಿಂದ.

ಅನಿಲ ಒಂದೇ, ಬಳಕೆ ಎಷ್ಟು ಬೇರೆ ನೋಡಿ. ಸಹಸ್ರಪದಿ ಅದನ್ನು ತಯಾರಾಗಿ ಇಟ್ಟುಕೊಂಡೂ ಇರುವುದಿಲ್ಲ, ಬಿಡಿಭಾಗಗಳಾಗಿ ಇಟ್ಟುಕೊಂಡಿರುತ್ತದೆ. ಮೈಯುದ್ದಕ್ಕೂ ಗ್ರಂಥಿಗಳಿದ್ದರೂ, ಇರುವೆ ಎಲ್ಲಿ ಕಚ್ಚಿತೋ ಆ ಭಾಗದ ಗ್ರಂಥಿಗಳಷ್ಟೇ ಮೊದಲು ತೆರೆಯುತ್ತವೆ. ಮನೆಯ ಖರ್ಚು ಬಲ್ಲ ಗೃಹಿಣಿಯ ಜಾಗರೂಕತೆ ಅದು. ಒಂದು ಪ್ರಾಣಿಯಿಂದ ಹೊರಡುವ ಸಯನೈಡು ಒಂದು ಮಿಲಿಗ್ರಾಮಿಗೂ ಕಡಿಮೆ. ಇರುವೆ ಜೇಡಗಳಿಗೆ ಅದು ಮೃತ್ಯು, ಮನುಷ್ಯನಿಗೆ ವಾಸನೆ ಮಾತ್ರ. ಹಾಗಾದರೆ ತನ್ನದೇ ವಿಷದಿಂದ ತಾನು ಸಾಯದೆ ಉಳಿಯುವುದು ಹೇಗೆ ಎಂದು ಓದುಗರು ಕೇಳಬಹುದು. ಸಯನೈಡು ಜೀವಕೋಶಗಳ ಉಸಿರಾಟವನ್ನು ನಿಲ್ಲಿಸಿ ಕೊಲ್ಲುವ ವಿಷ. ಸಹಸ್ರಪದಿಯ ಜೀವಕೋಶಗಳು ಮಿಕ್ಕ ಪ್ರಾಣಿಗಳವುಗಳಿಗಿಂತ ಅದನ್ನು ಹೆಚ್ಚು ತಾಳಬಲ್ಲವು. ಒಳಗೆ ಸೇರಿದ ಅಷ್ಟಿಷ್ಟನ್ನು ನಿರಪಾಯಕರ ಪದಾರ್ಥವಾಗಿ ಮಾರ್ಪಡಿಸಿಕೊಳ್ಳುವ ವ್ಯವಸ್ಥೆಯೂ ಅವುಗಳಲ್ಲಿದೆ.

ಈ ಮಹಾಸ್ತ್ರವೂ ಕೆಲಸಕ್ಕೆ ಬಾರದ ಒಂದು ಸಂದರ್ಭವಿದೆ. ಜಪಾನಿನ ಮಧ್ಯಭಾಗದ ಬೆಟ್ಟಗಳಲ್ಲಿ ಇದೇ ಸಯನೈಡ್ ಪಂಗಡದ ಒಂದು ಸಹಸ್ರಪದಿ ಎಂಟು ವರ್ಷಕ್ಕೊಮ್ಮೆ ಪ್ರೌಢಾವಸ್ಥೆಗೆ ಬಂದು ಲಕ್ಷೋಪಲಕ್ಷ ಸಂಖ್ಯೆಯಲ್ಲಿ ಹೊರಹೊರಡುತ್ತದೆ. ೧೯೨೦ರಿಂದಲೂ ಅದು ಆಗಾಗ ರೈಲನ್ನು ನಿಲ್ಲಿಸಿದ್ದುಂಟು. ಹಳಿಯ ಮೇಲೆ ಅರೆದುಹೋದ ಮೈಗಳ ಜಿಗಟಿಗೆ ಗಾಲಿಗಳು ಜಾರಿ, ಗಾಡಿ ಏರನ್ನು ಹತ್ತಲಾರದೆ ನಿಂತುಬಿಡುತ್ತದೆ. ಅದಕ್ಕೆ 'ರೈಲು ಸಹಸ್ರಪದಿ' ಎಂದೇ ಹೆಸರು ಬಿದ್ದಿದೆ. ಉಗಿಬಂಡಿಗೆ ಮೂಗಿಲ್ಲ, ಬಾದಾಮಿಯ ವಾಸನೆ ಅದನ್ನೇನು ಮಾಡೀತು?

ಇಷ್ಟು ನಾಜೂಕಾದ ಯಂತ್ರ ಆದದ್ದಾದರೂ ಹೇಗೆ? ಎರಡು ಕೋಣೆ, ಕವಾಟ, ಸ್ನಾಯು, ಕಿಣ್ವ, ತನ್ನ ವಿಷಕ್ಕೆ ತಾನೇ ಮದ್ದು; ಇವುಗಳಲ್ಲಿ ಒಂದಿಲ್ಲದೆ ಇನ್ನೊಂದಿದ್ದರೆ ಪ್ರಯೋಜನವೇನು ಎಂದು ಅನ್ನಿಸುವುದು ಸಹಜ. ೨೦೧೮ರಲ್ಲಿ ಅಮೆರಿಕದ ವಿಜ್ಞಾನಿಗಳ ಒಂದು ತಂಡ ಸಹಸ್ರಪದಿಗಳ ಹಲವಾರು ಪಂಗಡಗಳ ಆನುವಂಶಿಕ ದ್ರವ್ಯವನ್ನು ಹೋಲಿಸಿ ಅವುಗಳ ವಂಶವೃಕ್ಷವನ್ನು ರಚಿಸಿ, ಯಾವ ಕೊಂಬೆಯಲ್ಲಿ ಯಾವ ರಾಸಾಯನಿಕ ಕಾಣಿಸಿಕೊಂಡಿತೆಂದು ಗುರುತು ಹಾಕಿತು. ವಂಶವೃಕ್ಷದ ಬುಡದಲ್ಲಿ ಕವಲೊಡೆದ ಮನೆತನಕ್ಕೆ ವಿಷವಿಲ್ಲ, ಗಟ್ಟಿ ಕವಚವೂ ಇಲ್ಲ. ಎರಡು ಮೂರು ಮಿಲಿಮೀಟರ್ ಉದ್ದದ ಆ ಕುಬ್ಜರ ಬಾಲದ ಬಳಿ ಕಿತ್ತುಬರುವ ಕೊಕ್ಕೆಗೂದಲಿನ ಕುಚ್ಚಿದೆ. ಅದನ್ನು ಇರುವೆಯ ಮೈಗೆ ಸಿಕ್ಕಿಸಿ, ಬಿಡಿಸಿಕೊಳ್ಳಲಾರದೆ ಅದು ಒದ್ದಾಡುತ್ತಿರುವಾಗ ಇವು ಪಾರಾಗುತ್ತವೆ. ಅನಂತರದ ಕವಲುಗಳಲ್ಲಿ ಮಂಕು ಹಿಡಿಸುವ ಪದಾರ್ಥ, ಕರ್ಪೂರದ ದಾಯಾದಿ, ಕ್ರೆಸಾಲ್ ಬಗೆಯವು, ಆ ಮೇಲೆ ಬೆಂಜೊಕ್ವಿನೋನ್, ಸಯನೈಡು. ಹಳೆಯದರ ಮೇಲೆ ಹೊಸದು ಒಂದೊಂದೇ ಮೆಟ್ಟಿಲಾಗಿ ಸೇರಿಕೊಂಡು ಬಂದಿದೆ. ಮೂರು ದೂರದೂರದ ಮನೆತನಗಳು ಒಂದನ್ನೊಂದು ಕೇಳದೆಯೇ ತಮ್ಮ ತಮ್ಮ ದಾರಿಯಲ್ಲಿ ಬಹು ತೊಡಕಿನ ರಸಾಯನಕ್ಕೆ ತಲುಪಿವೆ.

ಸಾಮಗ್ರಿಯೂ ಎಲ್ಲಿಂದಲೋ ಹೊಸದಾಗಿ ಬಂದದ್ದಲ್ಲ, ಮನೆಯೊಳಗಿದ್ದದ್ದೇ. ಕೀಟವರ್ಗದ ಪ್ರಾಣಿಗಳೆಲ್ಲ ಪೊರೆ ಬಿಟ್ಟ ಮೇಲೆ ತಮ್ಮ ಮೆತ್ತನೆಯ ಹೊಸ ಚರ್ಮವನ್ನು ಗಟ್ಟಿಮಾಡಿಕೊಳ್ಳುವುದು ಕ್ವಿನೋನುಗಳ ನೆರವಿನಿಂದಲೇ. ವಿಷದ ಚೀಲವಾದರೂ ಹೊರಚರ್ಮವೇ ಒಳಕ್ಕೆ ಮಡಿಸಿಕೊಂಡು ಆದದ್ದು. ಅಂಗಿಗೆ ಹಾಕುವ ಗಂಜಿಯನ್ನೇ ಕಳ್ಳನ ಕಣ್ಣಿಗೆ ಎರಚುವುದನ್ನು ಕಲಿತಂತೆ! ಯಾವುದೋ ಪುರಾತನ ಸಹಸ್ರಪದಿಯ ಚರ್ಮದ ಮಡಿಕೆಯಲ್ಲಿ ಈ ಪದಾರ್ಥ ಕೊಂಚ ಹೆಚ್ಚಾಗಿ ಸೋರಿ, ಬಾಯಿ ಹಾಕಿದ ಶತ್ರು ಉಗುಳಿ ಹೋಗಿರಬೇಕು. ಅದು ಉಳಿಯಿತು, ಅದರ ಮಕ್ಕಳು ಉಳಿದರು. ಮೊದಲ ದಿನ ಕವಾಟ ಬೇಕಾಗಿರಲಿಲ್ಲ, ಎರಡನೆಯ ಕೋಣೆಯೂ ಬೇಕಾಗಿರಲಿಲ್ಲ. ಬರಿಯ ಕೆಟ್ಟರುಚಿ ಸಾಕಾಗಿತ್ತು. ಸಯನೈಡಿನ ಕಥೆಯೂ ಹಾಗೆಯೇ. ಅದರ ಕಚ್ಚಾ ಸಾಮಗ್ರಿ ಫಿನೈಲ್‌ಅಲನೀನ್. ತೊವ್ವೆ, ಹಾಲು, ಮೊಟ್ಟೆಗಳಲ್ಲೆಲ್ಲ ಇರುವ ಸಾಧಾರಣ ಪೌಷ್ಟಿಕಾಂಶ. ಕಹಿಬಾದಾಮಿಯ ಗಿಡವೂ ಅದರಿಂದಲೇ ಇದೇ ವಿಷವನ್ನು ತಯಾರಿಸುತ್ತದೆ. ಆದರೆ ೨೦೧೫ರಲ್ಲಿ ಜಪಾನಿನ ಸಂಶೋಧಕರು ಸಹಸ್ರಪದಿಯೊಂದರಿಂದ ಆ ಒಡೆಯುವ ಕಿಣ್ವವನ್ನು ಬೇರ್ಪಡಿಸಿ 'ನೋಡಿದಾಗ, ಅದಕ್ಕೂ ಗಿಡಗಳ ಕಿಣ್ವಕ್ಕೂ ರಚನೆಯಲ್ಲಿ ಯಾವ ನೆಂಟಸ್ತಿಕೆಯೂ ಕಾಣಲಿಲ್ಲ. ಒಂದೇ ಬೀಗಕ್ಕೆ ಇಬ್ಬರು ಅಕ್ಕಸಾಲಿಗಳು ಪರಸ್ಪರ ಪರಿಚಯವಿಲ್ಲದೆ ಬೇರೆ ಬೇರೆ ಬೀಗದಕೈ ಮಾಡಿದ್ದರು.

ವಿಷವಿದ್ದರೆ ಸಾಲದು, ಇದೆಯೆಂದು ಸಾರಬೇಕು. ಅದಕ್ಕೇ ಸಯನೈಡ್ ಪಂಗಡದ ಹಲವರು ಹಳದಿ, ಕಿತ್ತಳೆ, ಕೆಂಪುಗಳಲ್ಲಿ ಮದುವಣಗಿತ್ತಿಯರಂತೆ ಅಲಂಕರಿಸಿಕೊಂಡಿರುವುದು. ಕ್ಯಾಲಿಫೋರ್ನಿಯದ ಸಿಯೆರಾ ನೆವಾಡ ಬೆಟ್ಟಗಳಲ್ಲಿರುವ ಮೋಟಿಕ್ಸಿಯ ಎಂಬುದು ರಾತ್ರಿಯಲ್ಲಿ ತಿರುಗಾಡುವ ಪ್ರಾಣಿ. ಕತ್ತಲಲ್ಲಿ ಬಣ್ಣವನ್ನು ಯಾರು ಕಂಡಾರು? ಅದು ಮೈಯಿಂದ ಹಸುರುನೀಲಿ ಬೆಳಕನ್ನೇ ಬೀರುತ್ತದೆ. ತನಗೆ ಕಣ್ಣಿಲ್ಲವಾದ್ದರಿಂದ ಈ ದೀಪ ಸಂಗಾತಿಗಾಗಿ ಹಚ್ಚಿದ್ದಲ್ಲ. ೨೦೧೧ರಲ್ಲಿ ಸಂಶೋಧಕರು ಬೆಳಗುವ, ಬೆಳಗದ ಮಣ್ಣಿನ ಬೊಂಬೆಗಳನ್ನು ಕಾಡಿನಲ್ಲಿಟ್ಟು ಬೆಳಗ್ಗೆ ಹೋಗಿ ನೋಡಿದರೆ, ಹಲ್ಲಿನ ಗುರುತು ಬಹಳವಾಗಿ ಬಿದ್ದಿದ್ದದ್ದು ಬೆಳಗದವುಗಳ ಮೇಲೆ. ಈ ದೀಪವೂ ಮೊದಲು ದೀಪವಾಗಿರಲಿಲ್ಲವಂತೆ. ಬಿಸಿಯಾದ, ಒಣ ಪ್ರದೇಶದಲ್ಲಿ ಮೈಯೊಳಗಿನ ಹಾನಿಕರ ಪದಾರ್ಥಗಳನ್ನು ತಣಿಸಿಕೊಳ್ಳುವ ಕ್ರಿಯೆಯಲ್ಲಿ ಹೊರಟ ಮಂಕು ಬೆಳಕು ಮುಂದೆ ಎಚ್ಚರಿಕೆಯ ದೀಪವಾಯಿತೆಂಬುದು ೨೦೧೫ರಲ್ಲಿ ಅದೇ ವಿಜ್ಞಾನಿಗಳು ಮುಂದಿಟ್ಟ ಅಭಿಪ್ರಾಯ.

ಕೋಟೆ ಕಟ್ಟಿದವನಿದ್ದ ಮೇಲೆ ಲಗ್ಗೆ ಹಾಕುವವನೂ ಇರಲೇಬೇಕು. ಬರಿಯ ಕವಚವನ್ನು ನಂಬಿದ ಗೋಲಿ ಸಹಸ್ರಪದಿಗೆ ಆಫ್ರಿಕದ ಪಟ್ಟೆ ಮುಂಗುಸಿ ಯಮ. ಗೋಲಿಯನ್ನು ಮುಂಗಾಲಲ್ಲಿ ಹಿಡಿದು, ಬಂಡೆಗೆ ಬೆನ್ನು ಮಾಡಿ ನಿಂತು, ಹಿಂಗಾಲುಗಳ ನಡುವಿನಿಂದ ರಭಸವಾಗಿ ಎಸೆದು ಒಡೆಯುತ್ತದೆ. ಈಡುಗಾಯಿ ಒಡೆದ ಹಾಗೆ. ೧೯೬೭ರಲ್ಲಿ ಐಸ್ನರ್ ಇದನ್ನೂ ಕಂಡು ಬರೆದರು. ಭಾರತದ ಕಾಡುಗಳಲ್ಲಿಯೂ ಇರುವ ಒಂದು ಜಾತಿಯ ಬೇಟೆಗಾರ ತಿಗಣೆಗಳು ಸಹಸ್ರಪದಿಯ ಗೆಣ್ಣುಗಳ ಸಂದಿನ ಮೆದುಪೊರೆಯನ್ನು ಹುಡುಕಿ ಸೂಜಿಮೂತಿಯನ್ನು ಇಳಿಸುತ್ತವೆ.

ಕೆಲವರು ಪ್ರಾಣವನ್ನು ಬಯಸುವುದಿಲ್ಲ, ಔಷಧಿಯನ್ನಷ್ಟೇ ಬಯಸುತ್ತಾರೆ. ವೆನೆಜುವೆಲದ ಕಪುಚಿನ್ ಕೋತಿಗಳು ಮಳೆಗಾಲದಲ್ಲಿ, ಸೊಳ್ಳೆಯ ಕಾಟ ಹೆಚ್ಚಿದಾಗ, ದೊಡ್ಡ ಸಹಸ್ರಪದಿಯೊಂದನ್ನು ಹಿಡಿದು ಮೈಗೆಲ್ಲ ತಿಕ್ಕಿಕೊಳ್ಳುತ್ತವೆ. ಒಂದು ಹುಳು ನಾಲ್ಕಾರು ಕೋತಿಗಳ ಕೈ ಬದಲಾಯಿಸುತ್ತದೆ, ಎಣ್ಣೆಸ್ನಾನದ ದಿನ ಮನೆಮಂದಿಯ ನಡುವೆ ಎಣ್ಣೆಗಿಂಡಿ ತಿರುಗಿದಂತೆ. ಅದರ ಬೆಂಜೊಕ್ವಿನೋನ್ ಸೊಳ್ಳೆಗಳನ್ನು ದೂರವಿಡುತ್ತದೆಂದು ಆ ಮೇಲಿನ ಪರೀಕ್ಷೆಗಳಲ್ಲಿ ದೃಢಪಟ್ಟಿತು. ಪನಾಮಾದ ಬಣ್ಣಬಣ್ಣದ ವಿಷಕಪ್ಪೆಗಳ ಚರ್ಮದಲ್ಲಿರುವ ಕೆಲವು ವಿಷಗಳೂ ಸ್ವಂತದ್ದಲ್ಲ, ಪುಟ್ಟ ಸಹಸ್ರಪದಿಗಳನ್ನು ತಿಂದು ಗಳಿಸಿದ್ದು ಎಂದು ೨೦೦೩ರಲ್ಲಿ ತಿಳಿದುಬಂತು. ಒಬ್ಬ ದುಡಿದು ಕೂಡಿಟ್ಟದ್ದನ್ನು ಇನ್ನೊಬ್ಬ ತೊಟ್ಟುಕೊಂಡು ಮೆರೆಯುವುದು ಕಾಡಿನಲ್ಲಿಯೂ ಉಂಟು.

ಎಲ್ಲರಿಗಿಂತ ಚತುರ ಕಳ್ಳನನ್ನು ಐಸ್ನರ್ ಕಂಡದ್ದು ಫ್ಲಾರಿಡದ ಮರಳುನೆಲದ ಕುರುಚಲುಕಾಡಿನಲ್ಲಿ. ವರದಿ ಪ್ರಕಟವಾದದ್ದು ೧೯೯೮ರಲ್ಲಿ. ಅಲ್ಲಿ ಫ್ಲಾರಿಡೊಬೋಲಸ್ ಎಂಬ ದಪ್ಪ, ದುಂಡುಮೈಯ ಸಹಸ್ರಪದಿಯಿದೆ. ಗೆಣ್ಣುಗೆಣ್ಣಿಗೂ ಬೆಂಜೊಕ್ವಿನೋನಿನ ಚೀಲಗಳು. ಅದನ್ನು ತಿಂದೇ ಬದುಕುವ, ಕತ್ತಲಲ್ಲಿ ಮಿನುಗುವ ಒಂದು ಜೀರುಂಡೆಯ ಮರಿಹುಳುವೂ ಅಲ್ಲಿದೆ. ಮರಿ ಸಹಸ್ರಪದಿಯ ಪಕ್ಕದಲ್ಲೇ ಓಡಿ, ಮುಂಭಾಗಕ್ಕೆ ಮೈಸುತ್ತಿ, ಕತ್ತಿನ ಕೆಳಗಿನ ಮೆದುಜಾಗದಲ್ಲಿ ಟೊಳ್ಳು ದವಡೆಗಳನ್ನು ನೆಡುತ್ತದೆ. ಅದರ ಮೂಲಕ ತನ್ನ ಜಠರರಸವನ್ನು ಒಳಕ್ಕೆ ಹರಿಸುತ್ತದೆ. ಕವಾಟಗಳನ್ನು ತೆರೆಯಬೇಕಾದ ಸ್ನಾಯುಗಳು ಆಜ್ಞೆ ಬರುವ ಮೊದಲೇ ಜಡವಾಗಿಬಿಡುತ್ತವೆ. ಒಂದು ಹನಿಯೂ ಹೊರಬೀಳುವುದಿಲ್ಲ. ಮರಿ ಮರಳಿನಲ್ಲಿ ಹುದುಗಿ ಕಾದಿದ್ದು, ಬೇಟೆ ಅಲುಗಾಡದಾದ ಮೇಲೆ ಬಂದು ತಲೆಯ ಕಡೆಯಿಂದ ಒಳಹೊಕ್ಕು, ಗೆಣ್ಣಿನಿಂದ ಗೆಣ್ಣಿಗೆ ಉಣ್ಣುತ್ತ ಸಾಗುತ್ತದೆ. ಊಟ ಮುಗಿದ ಸ್ಥಳದಲ್ಲಿ ಐಸ್ನರ್ ಮತ್ತು ಸಂಗಡಿಗರಿಗೆ ಸಿಕ್ಕಿದ್ದು ಬಳೆಗಳಂತೆ ಬಿಡಿಬಿಡಿಯಾಗಿ ಬಿದ್ದಿದ್ದ ಕವಚದ ಉಂಗುರಗಳು, ಮತ್ತು ಅವುಗಳೊಳಗೆ ಸಾಲುಸಾಲಾಗಿ, ಒಂದೂ ಒಡೆಯದೆ, ತುಂಬಿದಂತೆಯೇ ಉಳಿದಿದ್ದ ವಿಷದ ಚೀಲಗಳು.